ಟೊಮೆಟೊದ ಕೆಂಪು, ಔಷಧ ಅಂಗಡಿಯ ಕೆಂಪು ಗುಳಿಗೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಹೊಸ ಶಬ್ದ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಅದು 'ಲೈಕೋಪೀನ್'. ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆ, ಯಾರೋ ಪರಿಚಯದವರು ಲೈಕೋಪೀನ್ ಗುಳಿಗೆ ಕೊಡಿಸಿ ಎಂದರು, ಕೊಡಿಸೋಣವೇ ಎಂದು ಕೆಲವರು ಕೇಳಿದ್ದಾರೆ. ಅದು ಟೊಮೆಟೊದಲ್ಲೇ ಇದೆಯಂತೆ, ಹಾಗಿದ್ದರೆ ಗುಳಿಗೆಗೆ ಏಕೆ ದುಡ್ಡು ಸುರಿಯಬೇಕು ಎಂಬುದು ಇನ್ನು ಕೆಲವರ ಪ್ರಶ್ನೆ. ಎರಡನೆಯವರದು ವ್ಯಾಪಾರಸ್ಥರಿಗೆ ತಕ್ಕ ಪ್ರಶ್ನೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಟೊಮೆಟೊದ ಕೆಂಪು ಒಳ್ಳೆಯದು, ಅದನ್ನು ಬೇಯಿಸಿ ಒಗ್ಗರಣೆ ಹಾಕಿ ಉಣ್ಣಬೇಕು, ಗುಳಿಗೆ ಬೇಕಿಲ್ಲ. ಹೀಗೇಕೆ ಹೇಳುತ್ತೇವೆ ಎಂಬುದನ್ನು ಮುಂದೆ ವಿವರಿಸುತ್ತೇವೆ.

ಟೊಮೆಟೊ ಕಾಯಿ ಹಸಿರಾಗಿರುವಾಗ ಅದರಲ್ಲಿ ಎಲೆಯಲ್ಲಿರುವ ಹಸಿರು ವಸ್ತುವೇ ಇರುತ್ತದೆ. ಹಣ್ಣಾಗುತ್ತ ಬಂದಂತೆ ಆ ಹಸಿರು ಒಡೆದು ಹೋಗಿ, ಅದರ ಜಾಗದಲ್ಲಿ ಕೆಂಪು ಕೂಡುತ್ತದೆ. ಆ ಕೆಂಪೇ ಲೈಕೋಪೀನ್. ಇದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಇದರ ಸಾಕ್ಷಿ ನಮ್ಮ ತಾಯಂದಿರಿಗೆ ದಿನವೂ ಕಾಣುತ್ತದೆ. ಮಕ್ಕಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಟೊಮೆಟೊ ಗೊಜ್ಜು ಕಟ್ಟಿಕೊಟ್ಟರೆ ಡಬ್ಬಿಯ ಗೋಡೆಗೆ ಕಿತ್ತಳೆ ಬಣ್ಣ ಹತ್ತಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಪ್ಲಾಸ್ಟಿಕ್ಕು ಎಣ್ಣೆಯನ್ನು ಹೀರುವ ಜಾತಿಯದು. ಎಣ್ಣೆಯ ಜೊತೆಗೆ ಬಣ್ಣವೂ ಒಳಗೆ ಹೋಗಿ ಕುಳಿತುಕೊಳ್ಳುತ್ತದೆ. ಸ್ಟೀಲ್ ಡಬ್ಬಿಗೆ ಈ ಕಾಟವಿಲ್ಲ. ಎಣ್ಣೆಯೊಂದಿಗಿನ ಈ ಗೆಳೆತನವನ್ನು ನೆನಪಿಟ್ಟುಕೊಳ್ಳಿರಿ, ಅಡುಗೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈ ಬಣ್ಣವನ್ನು ಟೊಮೆಟೊದಿಂದ ಬೇರ್ಪಡಿಸಿ ನೋಡಿದ ಮೊದಲಿಗರಲ್ಲಿ ಒಬ್ಬನು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಮಿಲಾರ್ಡೆ, ಕಾಲ 1876. ಕಾಸರಗೋಡು, ವಯನಾಡು ಕಡೆಯ ತೋಟದ ಮನೆಗಳವರಿಗೆ ಈ ಮಹಾಶಯನು ಹೊಸಬನಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲಕ್ಕೆ ಮುಂಚೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ದ್ರಾಕ್ಷಿ ತೋಟಗಳಿಗಾಗಿ ರೂಪಿಸಿದವನೂ ಇವನೇ. ಬಣ್ಣಕ್ಕೆ 'ಲೈಕೋಪೀನ್' ಎಂಬ ಹೆಸರನ್ನು ಇಟ್ಟವನು ಶುಂಕ್ ಎಂಬ ವಿಜ್ಞಾನಿ, 1903ರಲ್ಲಿ. ಟೊಮೆಟೊ ಗಿಡಕ್ಕೆ ಆಗ ಇದ್ದ ಶಾಸ್ತ್ರೀಯ ಹೆಸರು ಲೈಕೊಪರ್ಸಿಕಾನ್; ಗ್ರೀಕಿನಲ್ಲಿ ಅದಕ್ಕೆ 'ತೋಳದ ಪೀಚ್ ಹಣ್ಣು' ಎಂದು ಅರ್ಥ. ಅಮೆರಿಕ ಖಂಡದಿಂದ ಬಂದ ಈ ಹಣ್ಣನ್ನು ಯುರೋಪಿನವರು ಬಹುಕಾಲ ವಿಷವೆಂದೇ ಅಂಜಿ ದೂರವಿಟ್ಟಿದ್ದರು, ಏಕೆಂದರೆ ಬೆಲ್ಲಡೋನಾದಂಥ ವಿಷದ ಗಿಡಗಳು ಇದೇ ಕುಲಕ್ಕೆ ಸೇರಿದವು. ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳೂ ಇದೇ ಕುಲದವೇ. ಹಿಂದಿನ ಕಾಲದಲ್ಲಿ ನಮ್ಮ ಮನೆಗಳ ಅಜ್ಜಿಯಂದಿರು ಟೊಮೆಟೊ ಕಂಡು ಮೂಗು ಮುರಿಯುತ್ತಿದ್ದರೆ ಅವರೊಬ್ಬರೇ ಹಾಗಿದ್ದವರಲ್ಲ, ಇಡೀ ಯುರೋಪೇ ಹಾಗಿತ್ತು!

ರಸಾಯನಶಾಸ್ತ್ರಜ್ಞರ ಲೆಕ್ಕದಲ್ಲಿ ಲೈಕೋಪೀನ್ ಎಂದರೆ 40 ಇಂಗಾಲದ ಅಣುಗಳೂ 56 ಜಲಜನಕದ ಅಣುಗಳೂ ಸೇರಿದ ಒಂದು ಉದ್ದನೆಯ ಸರಪಳಿ. ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೊಟೀನಿನ ಲೆಕ್ಕವೂ ತೀರ ಇದೇ, 40 ಮತ್ತು 56. ವ್ಯತ್ಯಾಸವಿರುವುದು ತುದಿಗಳಲ್ಲಿ. ಗಜ್ಜರಿಯದರಲ್ಲಿ ಸರಪಳಿಯ ಎರಡೂ ತುದಿ ಮಡಚಿ ಬಳೆಯಂತೆ ಕೂಡಿಕೊಂಡಿವೆ, ಟೊಮೆಟೊದ್ದರಲ್ಲಿ ತುದಿಗಳು ಬಿಚ್ಚಿಕೊಂಡಿವೆ. ಇವುಗಳ ರಚನೆಯನ್ನು ಬಿಡಿಸಿದ ಸ್ವಿಟ್ಜರ್ಲೆಂಡಿನ ಪೌಲ್ ಕಾರರ್ ಅವರಿಗೆ 1937ರಲ್ಲಿ ನೊಬೆಲ್ ಬಹುಮಾನ ಬಂತು. ಇಷ್ಟು ಚಿಕ್ಕ ವ್ಯತ್ಯಾಸದ ಪರಿಣಾಮ ಮಾತ್ರ ದೊಡ್ಡದು. ಬಳೆಯಿರುವ ಕ್ಯಾರೊಟೀನನ್ನು ನಮ್ಮ ದೇಹ ಒಡೆದು ಎ ಜೀವಸತ್ವ ಮಾಡಿಕೊಳ್ಳುತ್ತದೆ. ಬಳೆಯಿಲ್ಲದ ಲೈಕೋಪೀನಿನಿಂದ ಅದು ಸಾಧ್ಯವಿಲ್ಲ.

ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. ಕಂದಮೂಲಗಳನ್ನು ಬಿಟ್ಟ ನಮ್ಮ ಮನೆಗಳಲ್ಲಿ ಗಜ್ಜರಿ ಇಲ್ಲ, ಬೀಟ್‌ರೂಟ್ ಇಲ್ಲ, ಗೆಣಸೂ ಇಲ್ಲ. ಹಾಗಿದ್ದರೆ ಗಜ್ಜರಿಯ ಬದಲು ಕೆಂಪಗಿರುವ ಟೊಮೆಟೊ ತಿಂದರೆ ಕಣ್ಣಿಗೆ ಒಳ್ಳೆಯದಲ್ಲವೇ ಎಂದು ಕೆಲವು ತಾಯಂದಿರು ಭಾವಿಸಿರುವಂತಿದೆ. ಟೊಮೆಟೊದಲ್ಲಿ ಬೀಟಾ ಕ್ಯಾರೊಟೀನ್ ಸ್ವಲ್ಪ ಇದೆ, ಹೆಚ್ಚಿಲ್ಲ. ಎ ಜೀವಸತ್ವಕ್ಕೆ ನುಗ್ಗೆಸೊಪ್ಪು, ಮೆಂತ್ಯಸೊಪ್ಪು, ರಾಜಗಿರಿ ಸೊಪ್ಪು, ಮಾವಿನಹಣ್ಣು, ಕುಂಬಳಕಾಯಿಗಳನ್ನೇ ನಂಬಬೇಕು. ಟೊಮೆಟೊದ ಕೆಂಪಿನ ಕೆಲಸ ಬೇರೆ.

ಆ ಕೆಲಸ ಯಾವುದು? ಕಬ್ಬಿಣಕ್ಕೆ ತುಕ್ಕು ಹಿಡಿಸುವ ಆಮ್ಲಜನಕವೇ ನಮ್ಮ ದೇಹದೊಳಗೂ ಕೆಲವು ಸಲ ಉಗ್ರ ರೂಪ ತಾಳಿ, ಜೀವಕೋಶಗಳ ಕೊಬ್ಬಿಗೂ ವಂಶತಂತುಗಳಿಗೂ ಪೆಟ್ಟು ಕೊಡುತ್ತದೆ. ಆ ಉಗ್ರತೆಯನ್ನು ತಣಿಸುವ ವಸ್ತುಗಳು ಸೊಪ್ಪು, ಹಣ್ಣು, ಕಾಳುಗಳಲ್ಲಿ ಅನೇಕ ಇವೆ. ಜರ್ಮನಿಯ ಡುಸೆಲ್‌ಡಾರ್ಫಿನ ಹೆಲ್ಮುಟ್ ಸೀಸ್ ಮತ್ತು ಸಂಗಡಿಗರು 1989ರಲ್ಲಿ ಇಂಥ ಬಣ್ಣಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದಾಗ, ಒಂದು ಬಗೆಯ ಉಗ್ರ ಆಮ್ಲಜನಕವನ್ನು ತಣಿಸುವುದರಲ್ಲಿ ಲೈಕೋಪೀನ್ ಎಲ್ಲಕ್ಕೂ ಮುಂದಿತ್ತು. ಬೀಟಾ ಕ್ಯಾರೊಟೀನಿನ ಸುಮಾರು ಎರಡರಷ್ಟು ಅದರ ಶಕ್ತಿ. ಲೈಕೋಪೀನಿನ ಹೆಸರು ಮೇಲೆ ಬಂದದ್ದು ಇಲ್ಲಿಂದ. ಆದರೆ ಇದು ಗಾಜಿನ ನಳಿಗೆಯಲ್ಲಿ ನಡೆದ ಪರೀಕ್ಷೆ. ನಳಿಗೆಯಲ್ಲಿ ಗೆದ್ದದ್ದು ಮನುಷ್ಯನ ದೇಹದಲ್ಲೂ ಗೆದ್ದೇ ಗೆಲ್ಲುತ್ತದೆ ಎನ್ನಲಾಗದು.

ಮನುಷ್ಯರಲ್ಲಿ ಕಂಡದ್ದೇನು ಎಂದು ನೋಡಬೇಕಾದರೆ 1995ರ ಡಿಸೆಂಬರಿಗೆ ಬರಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಜೊವಾನುಚಿ ಮತ್ತು ಸಂಗಡಿಗರು ಆಗ ಒಂದು ವರದಿ ಪ್ರಕಟಿಸಿದರು. ದಂತವೈದ್ಯರು, ಔಷಧ ತಜ್ಞರು, ಪಶುವೈದ್ಯರು ಮುಂತಾದ 47 ಸಾವಿರಕ್ಕೂ ಮಿಕ್ಕಿದ ಗಂಡಸರು ಏನೇನು ಉಣ್ಣುತ್ತಾರೆ ಎಂದು 1986ರಲ್ಲಿ ಬರೆಸಿಕೊಂಡು, ಮುಂದಿನ ವರ್ಷಗಳಲ್ಲಿ ಯಾರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು ಎಂದು ನೋಡುತ್ತ ಹೋಗಿದ್ದರು. ವಾರಕ್ಕೆ 10 ಸಲಕ್ಕಿಂತ ಹೆಚ್ಚು ಟೊಮೆಟೊ ಪದಾರ್ಥಗಳನ್ನು ತಿನ್ನುತ್ತಿದ್ದವರಲ್ಲಿ, ಒಂದೂವರೆ ಸಲಕ್ಕಿಂತ ಕಡಿಮೆ ತಿನ್ನುವವರಿಗಿಂತ ಆ ರೋಗ ಶೇಕಡಾ 35ರಷ್ಟು ಕಡಿಮೆ ಕಂಡಿತು. ಅದರಲ್ಲೂ ಬೇಯಿಸಿದ ಟೊಮೆಟೊ ಸಾಸಿನೊಂದಿಗೆ ಈ ಸಂಬಂಧ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಅಚ್ಚು ಹಾಕಿದವು. ಗುಳಿಗೆ ಮಾಡುವವರೂ ಎಚ್ಚರಾದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕೀರ್ದಿಯಲ್ಲಿ ಒಂದೇ ದಿನ ಎರಡು ಜಮೆ ಬಂದಿವೆ ಎಂದಮಾತ್ರಕ್ಕೆ ಒಂದರ ದೆಸೆಯಿಂದ ಇನ್ನೊಂದು ಬಂತೆಂದು ಯಾವ ಗುಮಾಸ್ತನೂ ಬರೆಯುವುದಿಲ್ಲ. ಖಾತೆ ತೆಗೆದು ನೋಡುತ್ತಾನೆ. ಹಾಗೆಯೇ ಟೊಮೆಟೊ ಹೆಚ್ಚು ತಿನ್ನುವವನು ತರಕಾರಿ ಹೆಚ್ಚು ತಿನ್ನುವವನಿರಬಹುದು, ಬೀಡಿ-ಸಿಗರೇಟು ಮುಟ್ಟದವನಿರಬಹುದು, ದಿನವೂ ಅಡ್ಡಾಡುವವನಿರಬಹುದು. ರೋಗ ದೂರವಿದ್ದದ್ದು ಅದರಿಂದಲೋ ಇದರಿಂದಲೋ? ತಜ್ಞರು ಇಂಥ ವ್ಯತ್ಯಾಸಗಳನ್ನು ಲೆಕ್ಕದಿಂದ ಕಳೆಯಲು ಪ್ರಯತ್ನಿಸುತ್ತಾರೆ, ಆದರೆ ಪೂರ್ತಿ ಕಳೆಯಲು ಬರುವುದಿಲ್ಲ. ಮುಂದೆ 2006 ಮತ್ತು 2007ರಲ್ಲಿ ಅಮೆರಿಕದಲ್ಲೇ ಇನ್ನೊಂದು ದೊಡ್ಡ ತಪಾಸಣಾ ಯೋಜನೆಯ ಫಲಿತಾಂಶಗಳು ಬಂದವು. ಊಟದ ಲೆಕ್ಕ ಹಿಡಿದು ನೋಡಿದರೂ, ರಕ್ತದಲ್ಲಿನ ಲೈಕೋಪೀನ್ ಅಳೆದು ನೋಡಿದರೂ ಅಂಥ ದೊಡ್ಡ ರಕ್ಷಣೆಯೇನೂ ಅದರಲ್ಲಿ ಕಾಣಲಿಲ್ಲ. ಅದಕ್ಕೂ ಮುಂಚೆ, 2005ರ ನವೆಂಬರಿನಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು ಅಲ್ಲಿಯವರೆಗಿನ ಎಲ್ಲ ಸಾಕ್ಷ್ಯಗಳನ್ನು ತೂಗಿ ನೋಡಿ, ಟೊಮೆಟೊ ತಿನ್ನುವುದರಿಂದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ತಗ್ಗಬಹುದೆಂಬುದಕ್ಕೆ ಬಹಳ ಅಲ್ಪ, ಪ್ರಾಥಮಿಕ ಆಧಾರವಿದೆ ಎಂದರು. ಲೈಕೋಪೀನನ್ನೇ ಬೇರ್ಪಡಿಸಿ ತೆಗೆದುಕೊಂಡರೆ ಕ್ಯಾನ್ಸರ್ ತಗ್ಗುತ್ತದೆ ಎಂಬುದಕ್ಕೆ ನಂಬತಕ್ಕ ಆಧಾರವೇ ಇಲ್ಲವೆಂದರು. ಹಣ್ಣಿಗೊಂದು ತೀರ್ಪು, ಗುಳಿಗೆಗೊಂದು ತೀರ್ಪು. ಎರಡನ್ನೂ ಕಲಸಬಾರದು.

ಹೃದಯ ಮತ್ತು ಮೆದುಳಿನ ರಕ್ತನಾಳಗಳ ವಿಷಯದಲ್ಲಿ ಆಶಾದಾಯಕ ಸುದ್ದಿ ಇದೆ. ಫಿನ್ಲೆಂಡಿನಲ್ಲಿ 1,031 ಗಂಡಸರ ರಕ್ತದಲ್ಲಿ ಲೈಕೋಪೀನ್ ಅಳೆದು ಸುಮಾರು 12 ವರ್ಷ ಅವರನ್ನು ಗಮನಿಸಿದರು. ವರದಿ ಬಂದದ್ದು 2012ರಲ್ಲಿ. ಲೈಕೋಪೀನ್ ಅತಿ ಹೆಚ್ಚು ಇದ್ದ ಕಾಲು ಭಾಗದ ಜನರಲ್ಲಿ, ಅತಿ ಕಡಿಮೆ ಇದ್ದ ಕಾಲು ಭಾಗದವರಿಗಿಂತ ಲಕ್ವ ಹೊಡೆಯುವ ಅಪಾಯ ಶೇಕಡಾ 55ರಷ್ಟು ಕಡಿಮೆ ಇತ್ತು. ಇದೂ ಕೀರ್ದಿಯ ಲೆಕ್ಕವೇ, ಖಾತೆಯ ತೀರ್ಮಾನವಲ್ಲ. ಆದರೂ ಗಾದಿಯ ಮೇಲೆ ಕುಳಿತೇ ದಿನ ಕಳೆಯುವ, ರಕ್ತದೊತ್ತಡ ಮನೆಮನೆಗೂ ಇರುವ ನಮ್ಮ ಜನ ಇದನ್ನು ಗಮನಿಸಬೇಕು. ಇನ್ನು ಚರ್ಮಕ್ಕೆ ಸಂಬಂಧಿಸಿದ ಒಂದು ಪ್ರಯೋಗ 2001ರದು. ಅದರಲ್ಲಿ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು 10 ಗ್ರಾಂ ಆಲಿವ್ ಎಣ್ಣೆಯೊಂದಿಗೆ 10 ವಾರ ತಿಂದವರ ಚರ್ಮ, ಬಿಸಿಲಿನ ನೇರಳಾತೀತ ಕಿರಣಕ್ಕೆ ಶೇಕಡಾ 40ರಷ್ಟು ಕಡಿಮೆ ಕೆಂಪೇರಿತು. ಹಾಗೆಂದು ಸೊಲ್ಲಾಪುರದ ಮೇ ತಿಂಗಳ ಬಿಸಿಲಿಗೆ ಛತ್ರಿ ಬಿಟ್ಟು ಟೊಮೆಟೊ ತಿಂದು ಹೊರಡಬೇಡಿ.

ಇನ್ನು ಗುಳಿಗೆಯ ವಿಚಾರ. ಹಣ್ಣು-ಸೊಪ್ಪಿನಲ್ಲಿ ಒಳ್ಳೆಯದಾಗಿ ಕಂಡ ವಸ್ತುವನ್ನು ಬೇರ್ಪಡಿಸಿ ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಏನಾಗಬಹುದು ಎಂಬುದಕ್ಕೆ ಲೈಕೋಪೀನಿನ ಸೋದರ ಬೀಟಾ ಕ್ಯಾರೊಟೀನಿನ ಕಥೆಯೇ ಸಾಕು. ಕ್ಯಾರೊಟೀನ್ ಇರುವ ಆಹಾರ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡುಬಂದಿತ್ತು. ಸರಿ, ಗುಳಿಗೆಯನ್ನೇ ಕೊಟ್ಟು ನೋಡೋಣ ಎಂದು ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರನ್ನು ಆರಿಸಿಕೊಂಡರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿಬಿದ್ದರು: ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದೇ ಇನ್ನೊಂದು ಪ್ರಯೋಗದಲ್ಲೂ ಗುಳಿಗೆ ನುಂಗಿದವರಲ್ಲಿ ರೋಗ ಹೆಚ್ಚೆಂದು ಕಂಡು, 1996ರ ಜನವರಿಯಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಲೈಕೋಪೀನ್ ಗುಳಿಗೆಯಿಂದ ಹೀಗಾಗುತ್ತದೆ ಎಂದು ನಾವು ಹೇಳುತ್ತಿಲ್ಲ, ಅಂಥ ಆಧಾರವಿಲ್ಲ. ಆದರೆ ತರಕಾರಿಯ ಹೆಸರಿನ ಗುಳಿಗೆ ತರಕಾರಿಯಷ್ಟೇ ನಿರಪಾಯ ಎಂಬ ನಂಬಿಕೆಗೆ ಅಂದೇ ಪೆಟ್ಟು ಬಿತ್ತು.

ನಮ್ಮವರಿಗೆ ಇದಕ್ಕಿಂತಲೂ ಹತ್ತಿರದ ಸಂಗತಿ ಇನ್ನೊಂದಿದೆ. ಲೈಕೋಪೀನ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಅದನ್ನು ಬಹುಮಟ್ಟಿಗೆ ಮೃದುವಾದ ಕ್ಯಾಪ್ಸೂಲಿನಲ್ಲಿ ತುಂಬುತ್ತಾರೆ. ಆ ಮೃದು ಕವಚ ಸಾಮಾನ್ಯವಾಗಿ ಜೆಲಟಿನ್. ಜೆಲಟಿನ್ ಎಂದರೆ ದನ, ಹಂದಿ ಮುಂತಾದ ಪ್ರಾಣಿಗಳ ಚರ್ಮ-ಮೂಳೆಗಳನ್ನು ಕುದಿಸಿ ತೆಗೆದ ಸರಿ. ಟೊಮೆಟೊದ ಬೀಜವನ್ನೂ ಯೋಚಿಸಿ ತಿನ್ನುವ ಮನೆಯಲ್ಲಿ ಟೊಮೆಟೊದ ಹೆಸರಿನಲ್ಲಿ ಮೂಳೆಯ ಸಾರ ನುಂಗುವಂತಾದರೆ ಹೇಗೆ! ಸಸ್ಯದ ನಾರಿನಿಂದ ಮಾಡಿದ ಕವಚಗಳೂ ಬರುತ್ತವೆ, ಆದರೆ ಕೇಳಿ ತೆಗೆದುಕೊಳ್ಳಬೇಕು. ಆಹಾರ ಪೂರಕವೆಂದು ಮಾರುವ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿರಿ. ಮಾಂಸಾಹಾರದ ಗುರುತು ಮೊದಲು ಕಂದು ಚುಕ್ಕೆಯಿತ್ತು, ಈಗ ಚೌಕದೊಳಗಿನ ಕಂದು ತ್ರಿಕೋನ. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರೂ ಕವಚ ಯಾವುದರದು ಎಂದು ಕೇಳುವುದಕ್ಕೆ ಸಂಕೋಚ ಬೇಡ. ಬದಲಿ ಸೂಚಿಸಲು ಅವರಿಗೂ ಅನುಕೂಲವಾಗುತ್ತದೆ.

ಬಣ್ಣದ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇವೆ. ಪೊಟ್ಟಣದ ತಿನಿಸುಗಳಲ್ಲಿ ಬಣ್ಣಗಳನ್ನು ಅಂಕಿಗಳಲ್ಲಿ ಸೂಚಿಸಿರುತ್ತಾರೆ. 160ಡಿ ಎಂದಿದ್ದರೆ ಲೈಕೋಪೀನ್. ಅದರಲ್ಲೂ ಮೂರು ಬಗೆ: ಮೊದಲನೆಯದು ಕಾರ್ಖಾನೆಯಲ್ಲಿ ಕೂಡಿಸಿದ್ದು, ಎರಡನೆಯದು ಟೊಮೆಟೊದಿಂದ ತೆಗೆದದ್ದು, ಮೂರನೆಯದು ಬ್ಲಾಕೆಸ್ಲಿಯಾ ಎಂಬ ಬೂಸಣವನ್ನು ಬೆಳೆಸಿ ಪಡೆದದ್ದು. ಇದಕ್ಕೆ ಹೋಲಿಕೆಯ ಕೆಂಪಿನ ಇನ್ನೊಂದು ಅಂಕಿ 120. ಅದು ಕೋಚಿನೀಲ್ ಎಂಬ ಪುಟ್ಟ ಕೀಟಗಳನ್ನು ಒಣಗಿಸಿ ಅರೆದು ತೆಗೆಯುವ ಬಣ್ಣ. ಹೊರದೇಶದಿಂದ ಮಕ್ಕಳು-ಬಂಧುಗಳು ತರುವ ಮಿಠಾಯಿ, ಚಾಕಲೇಟುಗಳ ಪೊಟ್ಟಣ ತಿರುಗಿಸಿ 120 ಇದೆಯೇ ಎಂದು ಓದಿಯೇ ಬಾಯಿಗೆ ಹಾಕಿಕೊಳ್ಳಿರಿ. ಕೆಂಪು ಎಂದಾಕ್ಷಣ ಅದು ಹಣ್ಣಿನದೇ ಆಗಿರಬೇಕಿಲ್ಲ.

ಈಗ ಅಡುಗೆಮನೆಗೆ ಬರೋಣ. ನಮ್ಮ ಮಟ್ಟಿಗೆ ಮುಖ್ಯವಾದ ವಿಷಯ ಇರುವುದೇ ಇಲ್ಲಿ. ಹಸಿ ತರಕಾರಿಯಲ್ಲೇ ಸತ್ವ, ಬೇಯಿಸಿದರೆ ಹೋಯಿತು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸಿ ಜೀವಸತ್ವದ ಮಟ್ಟಿಗೆ ಅದು ನಿಜ. ಲೈಕೋಪೀನಿನ ಮಟ್ಟಿಗೆ ಇದು ತಿರುವುಮುರುವು. ಹಸಿ ಟೊಮೆಟೊದಲ್ಲಿ ಈ ಕೆಂಪು ಜೀವಕೋಶಗಳ ಗೋಡೆಯೊಳಗೆ ಹರಳುಗಟ್ಟಿ ಕುಳಿತಿರುತ್ತದೆ. ಬೇಯಿಸಿದಾಗ ಗೋಡೆ ಒಡೆಯುತ್ತದೆ, ಬಣ್ಣ ಹೊರಗೆ ಬರುತ್ತದೆ, ಎಣ್ಣೆಯಲ್ಲಿ ಕರಗಿ ಕರುಳಿಗೆ ಹತ್ತುತ್ತದೆ. ಮೇಲೆ ಹೇಳಿದ ಡುಸೆಲ್‌ಡಾರ್ಫಿನವರೇ 1992ರಲ್ಲಿ ಇದನ್ನು ತೋರಿಸಿಕೊಟ್ಟರು. ಹಾಗೆಯೇ ಕುಡಿದ ಟೊಮೆಟೊ ರಸದಿಂದ ರಕ್ತದಲ್ಲಿನ ಲೈಕೋಪೀನ್ ಏರಲಿಲ್ಲ. ಅದೇ ರಸವನ್ನು ಸ್ವಲ್ಪ ಎಣ್ಣೆ ಸೇರಿಸಿ ಒಂದು ಗಂಟೆ ಕುದಿಸಿ ಕೊಟ್ಟಾಗ ಏರಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಟೊಮೆಟೊವನ್ನು 88 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು ಅಳೆದರು. ಹೊರತೆಗೆಯಲು ಸಿಗುವ ಲೈಕೋಪೀನ್ ಎರಡೂವರೆ ಪಟ್ಟಿಗೂ ಮಿಕ್ಕಿತು, ಸಿ ಜೀವಸತ್ವ ಶೇಕಡಾ 29ರಷ್ಟು ಇಳಿಯಿತು. ಒಂದನ್ನು ಸ್ವಲ್ಪ ಬಿಟ್ಟು ಇನ್ನೊಂದನ್ನು ಬಹಳ ಪಡೆಯುವ ವ್ಯವಹಾರ! ಕಳೆದುಕೊಂಡ ಸಿ ಜೀವಸತ್ವಕ್ಕೆ ಊಟದ ಮೇಲೆ ಒಂದು ಹೋಳು ನಿಂಬೆ ಹಿಂಡಿಕೊಂಡರಾಯಿತು, ನೆಲ್ಲಿಕಾಯಿಯಾದರೆ ಇನ್ನೂ ಒಳ್ಳೆಯದು.

ಹೀಗಾಗಿ ನಮ್ಮ ಅಜ್ಜಿಯಂದಿರ ಸಾರು, ಗೊಜ್ಜು, ಟೊಮೆಟೊ ಹಾಕಿದ ತೊವ್ವೆ ಎಲ್ಲವೂ ಈ ಲೆಕ್ಕದಲ್ಲಿ ಪಾಸಾಗುತ್ತವೆ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ನಮ್ಮ ಅಡುಗೆಯಲ್ಲಿ ಪಲ್ಯಕ್ಕೆ ಮೈ ಕೊಡುವುದೇ ಟೊಮೆಟೊ. ಹೊರಗಿನವರ ಮನೆಯಲ್ಲಿ ಎರಡು ಈರುಳ್ಳಿ ಬೀಳುವ ಕಡೆ ನಮ್ಮಲ್ಲಿ ನಾಲ್ಕು ಟೊಮೆಟೊ ಬೀಳುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಅದಕ್ಕೆ ಹುರಿದ ಶೇಂಗಾ ಪುಡಿ ಬೆರೆಸುತ್ತಾರಷ್ಟೆ. ಆ ಶೇಂಗಾದಲ್ಲಿರುವ ಎಣ್ಣೆಯೂ ಬಣ್ಣವನ್ನು ಕರಗಿಸುವ ಕೆಲಸವನ್ನೇ ಮಾಡುತ್ತದೆ. ಕುಸುಬಿ ಎಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ, ಕಾಸರಗೋಡಿನ ಕೊಬ್ಬರಿ ಎಣ್ಣೆಯಾಗಲಿ, ಮನೆಯ ತುಪ್ಪವಾಗಲಿ, ಒಬ್ಬರ ಪಾಲಿಗೆ ಒಂದು ಚಹಾ ಚಮಚದಷ್ಟಿದ್ದರೆ ಸಾಕು. ಹೆಚ್ಚು ಎಣ್ಣೆ ಹಾಕಿದರೆ ಹೆಚ್ಚು ಲಾಭವಿಲ್ಲ, ಸೊಂಟದ ಸುತ್ತಳತೆ ಮಾತ್ರ ಹೆಚ್ಚುತ್ತದೆ. ರಸತ್ಯಾಗದಲ್ಲಿ ಎಣ್ಣೆ-ತುಪ್ಪ ಬಿಟ್ಟ ದಿನ ಟೊಮೆಟೊದ ಕೆಂಪು ದೇಹಕ್ಕೆ ಅಷ್ಟಾಗಿ ಹತ್ತದು. ಅದಕ್ಕಾಗಿ ಚಿಂತಿಸಬೇಕಾದ್ದಿಲ್ಲ, ಇದು ಎರಡು ದಿನದಲ್ಲಿ ಬರಿದಾಗುವ ಗಂಟಲ್ಲ.

ಸಿಪ್ಪೆಯನ್ನು ಎಸೆಯಬೇಡಿರಿ. ತಿರುಳಿಗಿಂತ ಸಿಪ್ಪೆಯಲ್ಲಿ ಲೈಕೋಪೀನ್ ಹಲವು ಪಟ್ಟು ಹೆಚ್ಚು. ಬೇಯಿಸಿ, ಜರಡಿಯಲ್ಲಿ ತಿಕ್ಕಿ, ಸಿಪ್ಪೆ ಹೊರಗೆ ಹಾಕುವ ಬದಲು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿಕೊಂಡರೆ ಅದೂ ಹೊಟ್ಟೆಗೆ ಸೇರುತ್ತದೆ. ಬೀಜದ ಮಾತು ಬೇರೆ. ಬಹುಬೀಜದ ಕಾರಣದಿಂದ ಕೆಲವು ಮನೆಗಳಲ್ಲಿ ಬೀಜ ಮತ್ತು ಅದರ ಸುತ್ತಲಿನ ಲೋಳೆಯನ್ನು ತೆಗೆದು ಅಡುಗೆ ಮಾಡುವುದುಂಟು. ಅಂಥವರಿಗೆ ಈ ವಿಷಯದಲ್ಲಿ ನಷ್ಟ ಅಲ್ಪ. ಕೆಂಪು ಇರುವುದು ಹೆಚ್ಚಾಗಿ ಸಿಪ್ಪೆಯಲ್ಲಿ ಮತ್ತು ಹೊರಗಿನ ತಿರುಳಿನಲ್ಲಿ. ರುಚಿಯಲ್ಲಿ ಮಾತ್ರ ಸ್ವಲ್ಪ ಕಡಿಮೆಯಾದೀತು.

ಪಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ಟೊಮೆಟೊ ಹುಳಿಯ ಪದಾರ್ಥ. ಕಲಾಯಿ ಹೋದ ತಾಮ್ರ-ಹಿತ್ತಾಳೆಯಲ್ಲಿ ಬೇಯಿಸಿದರೆ ಕಿಲುಬು ಏಳುತ್ತದೆ. ಅಲ್ಯುಮಿನಿಯಂ ಪಾತ್ರೆಯನ್ನೂ ಹುಳಿ ತಿನ್ನುತ್ತದೆ. ಸ್ಟೀಲ್ ಇರಲಿ, ಕಲ್ಲಿನ ಪಾತ್ರೆ ಇದ್ದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಮಾರುಕಟ್ಟೆಯಲ್ಲಿ ಆರಿಸುವಾಗ ಹೆಗಲಿನವರೆಗೂ ಕೆಂಪಾದ ಹಣ್ಣನ್ನೇ ತೆಗೆದುಕೊಳ್ಳಿರಿ. ಬೇಸಿಗೆಯಲ್ಲಿ ಆದವಾನಿ, ರಾಯದುರ್ಗ, ಸೊಲ್ಲಾಪುರದ ಪೇಟೆಗೆ ಬರುವ ಟೊಮೆಟೊದ ತೊಟ್ಟಿನ ಸುತ್ತ ಹಳದಿ ಉಳಿದಿರುವುದನ್ನು ನೀವು ಕಂಡಿರಬಹುದು. ಅದಕ್ಕೆ ಕಾರಣ ಬಿಸಿಲು. ಶಾಖ 30 ಡಿಗ್ರಿ ದಾಟಿದರೆ ಹಣ್ಣಿನಲ್ಲಿ ಲೈಕೋಪೀನ್ ಕೂಡುವುದು ತಗ್ಗುತ್ತದೆ, ಹಳದಿ ಕ್ಯಾರೊಟೀನ್ ಮಾತ್ರ ಕೂಡುತ್ತಲೇ ಇರುತ್ತದೆ. ಹೊಸೂರು, ನೀಲಗಿರಿಯ ತಂಪಿನಲ್ಲಿ ಹಣ್ಣಾದದ್ದು ಹೆಚ್ಚು ಕೆಂಪು. ಅರೆ ಹಣ್ಣಾದದ್ದನ್ನು ತಂದ ಕೂಡಲೇ ಫ್ರಿಜ್ಜಿಗೆ ತುರುಕಬೇಡಿರಿ. ಅತಿ ಚಳಿಯಲ್ಲಿ ಅದು ಹಣ್ಣಾಗುವುದೇ ನಿಂತುಹೋಗುತ್ತದೆ, ಪರಿಮಳವೂ ಹಾಳು. ಬುಟ್ಟಿಯಲ್ಲಿ ನೆರಳಿಗಿಡಿ. ದರ ನೆಲ ಕಚ್ಚಿದಾಗ ಹೋಳು ಮಾಡಿ ಒಣಗಿಸಿಡುವವರು ಒಣಗಿದ್ದನ್ನು ಗಾಜಿನ ಬಾಟಲಿಯಲ್ಲಿ ಕಿಟಕಿಯ ಬಳಿ ಇಡಬಾರದು, ಬೆಳಕು-ಗಾಳಿಗೆ ಈ ಬಣ್ಣ ಒಡೆಯುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಲೇಸು. ಪದಾರ್ಥದ ಕಾಲಮರ್ಯಾದೆ ನೋಡಿ ಉಣ್ಣುವ ಮನೆಗಳವರು ವಾರಗಟ್ಟಲೆ ಪೇಸ್ಟ್ ಮಾಡಿಡುವ ಗೋಜಿಗೇ ಹೋಗುವುದಿಲ್ಲ. ದಿನದ್ದು ದಿನವೇ ಬೇಯಿಸುವುದು ಈ ವಿಷಯದಲ್ಲಿ ಒಳ್ಳೆಯದೇ.

ಬಾಟಲಿ ಕೆಚಪ್ಪಿನಲ್ಲಿ ಲೈಕೋಪೀನ್ ಹಸಿ ಹಣ್ಣಿಗಿಂತ ತೂಕಕ್ಕೆ ತೂಕ ನಾಲ್ಕು ಪಟ್ಟಿಗೂ ಮಿಕ್ಕಿ ಇದೆ ಎನ್ನುವುದು ನಿಜವೇ. ಆದರೆ ಅದರ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ, ಮೇಲೆ ಉಪ್ಪು. ಸಾಮಾನ್ಯ ಬಾಟಲಿಗಳಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇರುವುದರಿಂದ ಅವಿಲ್ಲದವನ್ನು ಕೇಳಿ ತರುತ್ತೀರಿ, ಸರಿ. ಸಕ್ಕರೆ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಮಕ್ಕಳು ದೋಸೆಗೂ ರೊಟ್ಟಿಗೂ ಅದನ್ನೇ ಸುರಿದುಕೊಳ್ಳುವುದನ್ನು ಆರೋಗ್ಯದ ಹೆಸರಿನಲ್ಲಿ ಸಮರ್ಥಿಸಲಾಗದು.

ಟೊಮೆಟೊವನ್ನೇ ಮುಟ್ಟದ ಮನೆಗಳೂ ನಮ್ಮಲ್ಲಿ ಇವೆ. 2023ರ ಜುಲೈ-ಆಗಸ್ಟಿನಲ್ಲಿ ಕಿಲೋ ದರ 150 ರೂಪಾಯಿ ದಾಟಿದಾಗ ಎಷ್ಟೋ ಮನೆಗಳು ಅನಿವಾರ್ಯವಾಗಿ ಆ ಸಾಲಿಗೆ ಸೇರಿದ್ದವು! ಅಂಥವರಿಗೆ ಬೇರೆ ದಾರಿ ಇಲ್ಲವೆಂದಲ್ಲ. 100 ಗ್ರಾಂ ಹಸಿ ಟೊಮೆಟೊದಲ್ಲಿ ಸುಮಾರು ಎರಡೂವರೆ ಮಿಲಿಗ್ರಾಂ ಲೈಕೋಪೀನ್ ಇದ್ದರೆ, ಅಷ್ಟೇ ತೂಕದ ಕೆಂಪು ಕಲ್ಲಂಗಡಿಯಲ್ಲಿ ಸುಮಾರು ನಾಲ್ಕೂವರೆ, ಒಳಗೆ ಕೆಂಪಗಿರುವ ಪೇರಲದಲ್ಲಿ ಸುಮಾರು ಐದು ಮಿಲಿಗ್ರಾಂ ಇದೆ. ಬೀಜದ ವಿಚಾರಕ್ಕೆ ಇವೂ ಬೇಡವೆನ್ನುವವರಿಗೆ ಕೆಂಪು ತಿರುಳಿನ ಪಪ್ಪಾಯಿ ಇದೆ. ಬೀಜಗಳ ಗೂಡನ್ನು ಒಂದೇ ಸಲಕ್ಕೆ ತೆಗೆದುಹಾಕಬಹುದು, ಬೇಯಿಸದೆಯೇ ಅದರ ಕೆಂಪು ಹಸಿ ಟೊಮೆಟೊಗಿಂತ ಸುಲಭವಾಗಿ ದೇಹಕ್ಕೆ ಹತ್ತುತ್ತದೆ. ಸೊಲ್ಲಾಪುರದ ದಾಳಿಂಬೆಯ ಕೆಂಪಾಗಲಿ, ಗೋವೆಯ ಬಂಧುಗಳ ಮನೆಯ ಮುರುಗಲಿನ ಕೆಂಪಾಗಲಿ ಲೈಕೋಪೀನ್ ಅಲ್ಲ. ಅವು ನೀರಿನಲ್ಲಿ ಕರಗುವ ಬೇರೆ ಜಾತಿಯ ಬಣ್ಣಗಳು. ಅವುಗಳ ಗುಣ ಅವುಗಳಿಗೆ.

ಯಾರು ಎಚ್ಚರದಿಂದಿರಬೇಕು? ಮೂತ್ರಪಿಂಡ ಕೆಟ್ಟು ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಟೊಮೆಟೊ ತಿನ್ನಬೇಕು. ಹುಳಿತೇಗು, ಎದೆಯುರಿ ಇರುವವರಿಗೆ ಇದು ಕೆರಳಿಸಬಹುದು. ಬೀಜದಿಂದ ಮೂತ್ರದ ಕಲ್ಲಾಗುತ್ತದೆ ಎಂಬ ಭಯ ಮಾತ್ರ ಅತಿಯಾದದ್ದು. ಕಲ್ಲಿಗೆ ಕಾರಣವಾಗುವ ಆಕ್ಸಲೇಟು ಪಾಲಕಿನಲ್ಲಿ ಇರುವುದಕ್ಕೆ ಹೋಲಿಸಿದರೆ ಟೊಮೆಟೊದಲ್ಲಿ ತೀರ ಕಡಿಮೆ. ಅತಿ ಮಾಡಿದವರ ಉದಾಹರಣೆಯೂ ವೈದ್ಯ ಗ್ರಂಥಗಳಲ್ಲಿದೆ. ಹಲವು ವರ್ಷ ದಿನಕ್ಕೆ ಸುಮಾರು ಎರಡು ಲೀಟರ್ ಟೊಮೆಟೊ ರಸ ಕುಡಿದ ಅಮೆರಿಕದ ಮಹಿಳೆಯೊಬ್ಬರ ಮೈಬಣ್ಣವೇ ಕಿತ್ತಳೆಯಾಗಿತ್ತೆಂದು 1960ರಲ್ಲಿ ವರದಿಯಾಯಿತು. ರಸ ಬಿಟ್ಟ ಮೇಲೆ ಬಣ್ಣ ಇಳಿಯಿತು.

ಹಿರಿಯರಿಗಾಗಿ ಪತ್ರ ಬರೆದವರಿಗೆ ನಾವು ಹೇಳಬೇಕಾದ್ದು ಇಷ್ಟು. ರಾತ್ರಿ ಮೂರು-ನಾಲ್ಕು ಸಲ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು, ತಡೆದು ತಡೆದು ಬರುವುದು, ರಕ್ತ ಕಾಣುವುದು, ಇವು ಯಾವುದಾದರೂ ಇದ್ದರೆ ಟೊಮೆಟೊವನ್ನೂ ಗುಳಿಗೆಯನ್ನೂ ಪಕ್ಕಕ್ಕಿಟ್ಟು ಮೂತ್ರರೋಗ ತಜ್ಞರ ಬಳಿ ಕರೆದೊಯ್ಯಿರಿ. ಬಹುಪಾಲು ಇದು ವಯಸ್ಸಿನಿಂದ ಗ್ರಂಥಿ ಊದಿಕೊಂಡದ್ದೇ ಆಗಿದ್ದು, ಔಷಧದಿಂದ ಹತೋಟಿಗೆ ಬರುವಂಥದು. ಕ್ಯಾನ್ಸರೇ ಆಗಿದ್ದರೂ ಬೇಗ ಗೊತ್ತಾದಷ್ಟು ಚಿಕಿತ್ಸೆಗೆ ಅನುಕೂಲ. ಹಿರಿಯರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಗಂಡುಮಕ್ಕಳು ತಾವಾಗಿಯೇ ವಿಚಾರಿಸಬೇಕು. ಆರು ತಿಂಗಳು ಕೆಂಪು ಗುಳಿಗೆ ನುಂಗಿಸುತ್ತ ಕಾದು ಕೂರುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮೆಣಸಿನಕಾಯಿ ವ್ಯಾಪಾರದ ಬಂಧುಗಳೊಬ್ಬರು ಬ್ಯಾಡಗಿ ಮೆಣಸಿನಕಾಯಿಯ ಕೆಂಪೂ ಇದೇನಾ ಎಂದು ಕೇಳಿದ್ದಾರೆ. ಅದು ಕ್ಯಾಪ್ಸಾಂಥಿನ್ ಎಂಬ ಬೇರೆ ಬಣ್ಣ, ಆದರೆ ಗಿಡ ಅದನ್ನು ತಯಾರಿಸುವುದು ಲೈಕೋಪೀನಿನ ದಾರಿಯಿಂದಲೇ. ಅದರ ವಿಚಾರ ಮುಂದಿನ ಸಂಚಿಕೆಯಲ್ಲಿ.